ಮಗಳ ಬೆನ್ನುಮೂಳೆ ಮತ್ತು ನಮ್ಮ ವಂಶವಾಹಿಗಳು

ಕಳೆದ ವರ್ಷ ಗೌರಿ ಹಬ್ಬಕ್ಕೆ ಲಂಗ ಬ್ಲೌಸ್ ಹೊಲಿಸಲು ದೊಡ್ಡ ಮಗಳನ್ನು ಕರೆದುಕೊಂಡು ಹೋಗಿದ್ದಾಗ, ಚಿಕ್ಕಮಗಳೂರಿನ ನಮ್ಮ ಟೈಲರಮ್ಮ ಟೇಪು ಹಿಡಿದು ಎರಡೆರಡು ಸಲ ಅಳೆದು, "ಅಕ್ಕಾ, ಪಾಪುವಿನ ಬಲಭುಜ ಸ್ವಲ್ಪ ಮೇಲಿದೆಯಲ್ಲ" ಎಂದರು. ಅವಳಿಗೆ ಆಗ 13 ವರ್ಷ. ಎಕ್ಸ್‌ರೇ ತೆಗೆಸಿದಾಗ ಬೆನ್ನುಮೂಳೆ ಪಕ್ಕಕ್ಕೆ 28 ಡಿಗ್ರಿ ಬಾಗಿರುವುದು ತಿಳಿಯಿತು. ಈ ಕೋನ 10 ಡಿಗ್ರಿ ಮುಟ್ಟಿದರೆ ಅದನ್ನು ಸ್ಕೋಲಿಯೋಸಿಸ್ ಎಂದು ಕರೆಯುತ್ತಾರೆ.

ಮನೆಯಲ್ಲಿ ಎಲ್ಲರೂ ಶಾಲೆಯ ಬ್ಯಾಗನ್ನು ದೂರಿದರು. ಒಂದೇ ಹೆಗಲಿಗೆ ಹಾಕಿಕೊಳ್ಳಲು ಬಿಟ್ಟೆನಲ್ಲ ಎಂದು ನಾನೂ ಅತ್ತೆ. ಆದರೆ ಅಮ್ಮ, ಮೂಡಿಗೆರೆಯ ಚಿಕ್ಕಮ್ಮನಿಗೂ ಚಿಕ್ಕಂದಿನಿಂದ ಹೀಗೆಯೇ ಒಂದು ಭುಜ ಎತ್ತರವಿತ್ತು, ಬಾವಿಯಿಂದ ಸೊಂಟದ ಮೇಲೆ ಕೊಡ ಹೊತ್ತದ್ದೇ ಕಾರಣವೆಂದು ಆಗ ಹೇಳುತ್ತಿದ್ದರು ಎಂದಾಗ ನನ್ನ ಯೋಚನೆ ಬದಲಾಯಿತು. ಆ ಬಾವಿಯಿಂದ ಅಮ್ಮನೂ ದೊಡ್ಡಮ್ಮನೂ ಅಷ್ಟೇ ನೀರು ಹೊತ್ತಿದ್ದರು. ಬಾಗಿದ್ದು ಚಿಕ್ಕಮ್ಮನ ಬೆನ್ನು ಮಾತ್ರ.

ಹದಿಹರೆಯದವರಲ್ಲಿ ನೂರಕ್ಕೆ ಎರಡು ಮೂರು ಮಕ್ಕಳಿಗೆ ಈ ಬಾಗು ಇರುತ್ತದೆ, ಮತ್ತು ಅದು ವಂಶದಲ್ಲಿ ಹರಿಯುತ್ತದೆ ಎಂಬುದಕ್ಕೆ ಅವಳಿ ಮಕ್ಕಳೇ ಸಾಕ್ಷಿ. 1997ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಸ್ಕೋಲಿಯೋಸಿಸ್ ಇದ್ದರೆ ಇನ್ನೊಬ್ಬರಿಗೂ ಇದ್ದದ್ದು ಶೇ. 73 ಜೋಡಿಗಳಲ್ಲಿ, ತದ್ರೂಪಿಗಳಲ್ಲದ ಅವಳಿಗಳಲ್ಲಿ ಶೇ. 36 ಮಾತ್ರ. ತದ್ರೂಪಿಗಳಲ್ಲಿಯೂ ಅದು ನೂರಕ್ಕೆ ನೂರು ಆಗದಿರುವುದು ನನಗೆ ಬಹಳ ಮುಖ್ಯವಾಗಿ ಕಂಡಿತು, ಏಕೆಂದರೆ ವಂಶವಾಹಿ ಒಲವನ್ನಷ್ಟೇ ಕೊಡುತ್ತದೆ, ಹಣೆಬರಹ ಬರೆಯುವುದಿಲ್ಲ.

ಇದಕ್ಕೆ ಒಂದೇ ಜೀನ್, ಅಂದರೆ ಒಂದೇ ವಂಶವಾಹಿ, ಕಾರಣವೂ ಅಲ್ಲ. 2011ರಲ್ಲಿ ಜಪಾನಿನ ಸಂಶೋಧಕರು 10ನೇ ವರ್ಣತಂತುವಿನಲ್ಲಿ (ಕ್ರೋಮೋಸೋಮ್) ಎಲ್‌ಬಿಎಕ್ಸ್1 ಜೀನಿನ ಬಳಿ ಒಂದು ವ್ಯತ್ಯಾಸವನ್ನು ಗುರುತಿಸಿದರು. ಭ್ರೂಣದಲ್ಲಿ ಮಾಂಸಖಂಡ ಮತ್ತು ಬೆನ್ನುಹುರಿಯ ನರಕೋಶಗಳು ರೂಪುಗೊಳ್ಳುವಾಗ ಕೆಲಸ ಮಾಡುವ ಜೀನ್ ಅದು. 2013ರಲ್ಲಿ ಜಿಪಿಆರ್126, 2015ರಲ್ಲಿ ಪಿಎಎಕ್ಸ್1 ಜೀನಿನ ಸಮೀಪದ ಭಾಗ, ಹೀಗೆ ಪಟ್ಟಿ ಬೆಳೆಯಿತು. ಕೊನೆಯದರ ಪ್ರಭಾವ ಮುಖ್ಯವಾಗಿ ಹುಡುಗಿಯರಲ್ಲಿ ಕಂಡುಬಂದಿದೆ, ಮತ್ತು ದೊಡ್ಡ ಬಾಗುಗಳು ಹುಡುಗಿಯರಲ್ಲಿಯೇ ಹಲವು ಪಟ್ಟು ಹೆಚ್ಚು. ಆದರೆ ಇವುಗಳಲ್ಲಿ ಪ್ರತಿಯೊಂದೂ ಸಾಧ್ಯತೆಯನ್ನು ಕೊಂಚವೇ ಹೆಚ್ಚಿಸುತ್ತದೆ. ವಂಶವಾಹಿಗಳಲ್ಲಿನ 53 ಗುರುತುಗಳನ್ನು ನೋಡಿ ಬಾಗು ಎಷ್ಟು ಬೆಳೆಯುತ್ತದೆ ಎಂದು ಹೇಳುವ ಜೊಲ್ಲಿನ ಪರೀಕ್ಷೆಯೊಂದು ಅಮೆರಿಕದಲ್ಲಿ ಬಂದಿತ್ತಾದರೂ, ಜಪಾನಿನ ರೋಗಿಗಳಲ್ಲಿ ಅದರ ಗುರುತುಗಳಿಗೂ ಬಾಗು ಬೆಳೆಯುವುದಕ್ಕೂ ನಂಟು ಕಾಣಲಿಲ್ಲ. ಆದ್ದರಿಂದ ಅಂತಹ ಪರೀಕ್ಷೆಗಾಗಿ ಹಣ ಸುರಿಯಬೇಡಿ ಎಂದೇ ನನ್ನ ಅಭಿಪ್ರಾಯ.

ದೊಡ್ಡವಳು ಈಗ ಬಾಗು ಹೆಚ್ಚದಂತೆ ಬೆನ್ನನ್ನು ಬಿಗಿಹಿಡಿಯುವ ಬ್ರೇಸ್ ಎಂಬ ಪಟ್ಟಿ ಹಾಕಿಕೊಳ್ಳುತ್ತಾಳೆ; ಇನ್ನೂ ಬೆಳೆಯುವ ಮಕ್ಕಳಿಗೆ ಸುಮಾರು 25 ಡಿಗ್ರಿಯಿಂದ ಅದನ್ನು ಕೊಡುತ್ತಾರೆ. ಕಿರಿಯವಳಿಗೆ ಹತ್ತು ವರ್ಷ. ಆರು ತಿಂಗಳಿಗೊಮ್ಮೆ ಅವಳನ್ನು ಮೊಣಕಾಲು ಮಡಚದೆ ಮುಂದಕ್ಕೆ ಬಗ್ಗಿಸಿ, ಪಕ್ಕೆಲುಬುಗಳು ಒಂದೇ ಕಡೆ ಉಬ್ಬಿವೆಯೇ ಎಂದು ಹಿಂದಿನಿಂದ ನೋಡುತ್ತೇನೆ. ಚಿಕ್ಕಮ್ಮನ ಮೊಮ್ಮಕ್ಕಳನ್ನೂ ಹೀಗೆಯೇ ನೋಡುವಂತೆ ಮೂಡಿಗೆರೆಗೆ ಫೋನ್ ಮಾಡಿ ಹೇಳಿದ್ದೇನೆ.