ಮಂಚದ ಕೆಳಗಿನ ಪದವಿ ಪತ್ರ

ನಿನ್ನೆ ರಾತ್ರಿ ಸುಮ್ನೆ ಅರ್ಧ ಗಂಟೆ ಅಂತ ಒಂದು ಗೇಮ್ ಶುರು ಮಾಡಿದೆ. ತಲೆ ಎತ್ತಿದಾಗ ಎರಡು ಗಂಟೆ. ಹೆಸರು ‘ಅನ್‌ಪ್ಯಾಕಿಂಗ್’. ಆಸ್ಟ್ರೇಲಿಯಾದ ಬ್ರಿಸ್ಬೇನಿನ ವಿಚ್ ಬೀಮ್ ಎಂಬ ಪುಟ್ಟ ತಂಡ 2021ರಲ್ಲಿ ತಂದದ್ದು. ನನ್ನ ಕಣ್ಣಿಗೆ ಬಿದ್ದಿದ್ದು ಈಗ!

ಆಟ ಇಷ್ಟೇ: ಹೊಸ ಮನೆ, ರಟ್ಟಿನ ಡಬ್ಬ ಬಿಚ್ಚಿ ಸಾಮಾನು ಜೋಡಿಸಬೇಕು. ಟೈಮರ್ ಇಲ್ಲ, ಅವಸರವೂ ಇಲ್ಲ. 1997ರಲ್ಲಿ ಒಬ್ಬ ಹುಡುಗಿಯ ಕೋಣೆಯಿಂದ ಶುರುವಾಗಿ 2018ರವರೆಗೆ ಬರುತ್ತದೆ. ಅವಳ ಕಥೆ ಹೇಳುವುದೆಲ್ಲ ಹೆಚ್ಚುಕಡಿಮೆ ಆ ಸಾಮಾನುಗಳೇ.

2010ರಲ್ಲಿ ಅವಳು ಗೆಳೆಯನ ಮನೆಗೆ ಹೋಗುತ್ತಾಳೆ. ಎಲ್ಲಿ ನೋಡಿದರೂ ಅವನದೇ ಸಾಮಾನು. ಅವಳ ಪದವಿ ಪತ್ರಕ್ಕೆ ಒಂದು ಗೋಡೆಯಲ್ಲೂ ಜಾಗವಿಲ್ಲ. ಎಲ್ಲಿಟ್ಟರೂ ಸುತ್ತ ಕೆಂಪು ಗೆರೆ, ಅಂದರೆ ಜಾಗ ತಪ್ಪು. ಹತ್ತು ನಿಮಿಷ ಒದ್ದಾಡಿದೆ. ಕೊನೆಗೆ ಮಂಚದ ಕೆಳಗೆ ತಳ್ಳಿದೆ, ಗೆರೆ ಹೋಯಿತು. ಸಂಬಂಧದ ಗತಿ ಅಲ್ಲೇ ಗೊತ್ತಾಯಿತು ಅಲ್ವಾ!

ಅಮ್ಮನ ಬಿ.ಎ. ಸರ್ಟಿಫಿಕೇಟ್ ನಮ್ಮೂರ ಮನೆಯಲ್ಲಿ ಬೀರುವಿನ ಮೇಲಿದೆ, ಹಳೇ ಸೂಟ್‌ಕೇಸಿನಲ್ಲಿ, ಯಾರ್‍ಯಾರದೋ ಮದುವೆ ಕಾಗದಗಳ ಅಡಿ. ಬೆಳಿಗ್ಗೆ ಫೋನ್ ಮಾಡಿ ಕೇಳಿದೆ.

“ಅದ್ಯಾಕೆ ಬೇಕಾಯ್ತೋ ನಿಂಗೆ ಈಗ?” ಅಂದರು.