ದೊಡ್ಡಪ್ಪನ ಮಳೆ ಲೆಕ್ಕ ಪೈಥಾನಿಗೆ: ಮೂರನೇ ವಾರ

ಸಕಲೇಶಪುರದ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ದೊಡ್ಡಪ್ಪ 1991ರಿಂದ ದಿನದ ಮಳೆಯನ್ನು ಕಂಪ್ಯೂಟರಿಗೆ ಹಾಕುತ್ತಾ ಬಂದಿದ್ದಾರೆ. ಜಿಡಬ್ಲ್ಯೂ-ಬೇಸಿಕ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಕಲಿತು ತಾವೇ ಬರೆದ ಪ್ರೋಗ್ರಾಂ. ಅದನ್ನು ಈಗಿನ ಭಾಷೆಯಾದ ಪೈಥಾನಿಗೆ ತರುತ್ತಿದ್ದೇನೆ.

ಮೊದಲ ವಾರ ಕೋಡ್ ಓದುವ ಹಾಗೆ ಮಾಡುವುದರಲ್ಲೇ ಹೋಯ್ತು. ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳು, ಏಕೆಂದರೆ ಜಿಡಬ್ಲ್ಯೂ-ಬೇಸಿಕ್ ಆಜ್ಞೆಗಳನ್ನು ಸಂಕೇತ ಮಾಡಿ ಇಡುತ್ತದೆ. ಹಳೆಯ ಡಾಸ್ ಪ್ರೋಗ್ರಾಂಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸಿನಲ್ಲಿ ಲೋಡ್ ಮಾಡಿ, ಸೇವ್ ಆಜ್ಞೆಯ ಕೊನೆಗೆ ಕಾಮಾ ಹಾಕಿ ‘ಎ’ ಸೇರಿಸಿದ ಮೇಲೆ ಓದಲು ಬಂತು. ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರಿಸುವ ಗೋಟೂ ಆಜ್ಞೆಗಳನ್ನು ಬಿಡಿಸಿ ಫಂಕ್ಷನ್ ಮಾಡಿದ್ದು ಎರಡು ಸಂಜೆಯ ಕೆಲಸ.

ಸಿಕ್ಕಿಹಾಕಿಕೊಂಡದ್ದು ಡೇಟಾ ಫೈಲಿನಲ್ಲಿ. ಒಂದು ದಿನಕ್ಕೆ 12 ಬೈಟ್: ತಾರೀಖಿಗೆ 8, ಮಳೆಗೆ 4. ಆ 4 ಬೈಟನ್ನು ಪೈಥಾನಿನಲ್ಲಿ ಫ್ಲೋಟ್ (ದಶಾಂಶ ಸಂಖ್ಯೆ) ಎಂದು ಓದಿದರೆ, ಪುಸ್ತಕದಲ್ಲಿ 5 ಇಂಚು ಬರೆದಿರುವ ಜುಲೈ ದಿನಕ್ಕೆ ಸೊನ್ನೆಗೆ ಅಂಟಿಕೊಂಡ ಋಣ ಸಂಖ್ಯೆ! ಕಾರಣ, ಜಿಡಬ್ಲ್ಯೂ-ಬೇಸಿಕ್ ಬಳಸುವುದು ದಶಾಂಶ ಸಂಖ್ಯೆ ಬರೆದಿಡುವ ಮೈಕ್ರೋಸಾಫ್ಟಿನ ಹಳೆಯ ಸ್ವಂತ ರೂಪ, ಇವತ್ತಿನ ಪ್ರಮಾಣಿತ ಐಇಇಇ ರೂಪವಲ್ಲ. ಆ ದಿನದ ಬೈಟುಗಳು 0, 0, 32, 131. ಕೊನೆಯದರಲ್ಲಿ 129 ಕಳೆದರೆ 2, ಅಂದರೆ 2ರ ವರ್ಗ 4. ಮೂರನೆಯದನ್ನು 128ರಿಂದ ಭಾಗಿಸಿ 1 ಕೂಡಿದರೆ 1.25. ಗುಣಿಸಿದರೆ 5. ಕಾಗದದ ಮೇಲೆ ಇದು ಸರಿಹೋದ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಈ ವಾರ ಹೂ ಮಳೆಯ (ಬೇಸಿಗೆಯಲ್ಲಿ ಕಾಫಿ ಹೂ ಬಿಡಿಸುವ ಮಳೆ) ಪಟ್ಟಿ ಪ್ರಿಂಟ್ ತೆಗೆದು ತೋರಿಸಿದೆ. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, ಒಂದು ಮಾರ್ಚಿನ ಮೇಲೆ ಬೆರಳಿಟ್ಟರು. “ಇಲ್ಲೊಂದು ಮಳೆ ಬಿಟ್ಟೋಗಿದೆಯಲ್ಲ ಮಗ. ಎಪ್ಪತ್ತು ಸೆಂಟ್ ಬಿದ್ದಿತ್ತು, ಹೂ ಚೆನ್ನಾಗಿ ಬಿಟ್ಟಿತ್ತು.” ಅವರ ಕೋಡಿನಲ್ಲಿ .7 ಇಂಚು, ಅಂದರೆ 70 ಸೆಂಟ್, ಅಥವಾ ಹೆಚ್ಚಿದ್ದರೆ ಹೂ ಮಳೆ. ನನ್ನದರಲ್ಲೂ ಅದೇ ಸಾಲು. ಆದರೆ 4 ಬೈಟಿನ 0.7, ಪೈಥಾನಿನ 8 ಬೈಟಿಗೆ ಬಂದಾಗ 0.699999988 ಆಗುತ್ತದೆ, ಪೈಥಾನಿನ 0.7ಕ್ಕಿಂತ ಸಣ್ಣದು. ಸರಿಯಾಗಿ 70 ಸೆಂಟ್ ಬಿದ್ದ ದಿನಗಳೆಲ್ಲ ಹೀಗೆ ಜಾರಿಹೋಗಿದ್ದವು.

ನಮ್ಮ ಕಡೆ ಇಂಚಿಗೆ ನೂರು ಸೆಂಟ್. ಬಾಯಲ್ಲಿ ಯಾರೂ ದಶಾಂಶ ಹೇಳುವುದಿಲ್ಲ. ಹಾಗಾಗಿ ಓದಿದ ಕೂಡಲೇ ನೂರರಿಂದ ಗುಣಿಸಿ, ದುಂಡು ಮಾಡಿ, ಪೂರ್ಣಾಂಕದ ಸೆಂಟ್ ಆಗಿಯೇ ಇಡುತ್ತಿದ್ದೇನೆ. ಈಗ 1991ರಿಂದ ಎಲ್ಲ ತಿಂಗಳ ಮೊತ್ತವೂ ಹಳೇ ಪ್ರಿಂಟಿಗೆ ಹೊಂದುತ್ತಿದೆ, ಆ ಮಾರ್ಚ್ ಕೂಡ.

ಮುಂದಿನದು ನಕ್ಷತ್ರವಾರು ಮಳೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಯಾವಾಗ ಹುಟ್ಟುತ್ತವೆ ಎಂದು ದೊಡ್ಡಪ್ಪ ಪ್ರತಿ ವರ್ಷ ಪಂಚಾಂಗ ನೋಡಿ ಡೇಟಾ ಸಾಲುಗಳಲ್ಲಿ ತುಂಬಿದ್ದಾರೆ. ಅವನ್ನು ಲೆಕ್ಕ ಕಟ್ಟಿ ತೆಗೆಯಲು ಹೋಗುವುದಿಲ್ಲ. ಅವರು ತುಂಬಿದಂತೆಯೇ ಬೇರೆ ಫೈಲಿಗೆ ಎತ್ತಿಡುತ್ತೇನೆ.