ಅರ್ಧ ಹೊಳವು, 14 ಪ್ರಶ್ನೆ

22 ಜುಲೈ 2025, ಮಂಗಳವಾರ
ರಾತ್ರಿ 10:40

ಪ್ರಶ್ನೋತ್ತರದ ತಾಣ ಕೋರಾ ತೆರೆದರೆ ಇವತ್ತು 14 ಪ್ರಶ್ನೆ ಕಾದು ಕೂತಿವೆ. ಎಲ್ಲವೂ ನನ್ನಿಂದಲೇ ಉತ್ತರ ಬೇಕು ಎನ್ನುವವು. ಕೇಳಿದವರು ಯಾರೋ, ನನ್ನನ್ನೇ ಯಾಕೋ. ಹಾಲಿಗೆ ಹೆಪ್ಪು ಹಾಕಿ, ಅತ್ತೆಗೆ ಮಾತ್ರೆ ಕೊಟ್ಟು, ಬಾಗಿಲು ಹಾಕಿ ಬಂದು ಕೂರುವ ಈ ಮುಕ್ಕಾಲು ಗಂಟೆ ಮಾತ್ರ ನನ್ನದು. 14ಕ್ಕೂ ಬರೆಯುತ್ತಾ ಕೂತರೆ ಬೆಳಿಗ್ಗೆ ಹಾಲು ಕರೆಯುವವರು ಯಾರು? ಹಾಗಾಗಿ ಆರಿಸಬೇಕು. ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ. ಇದು ಕಲ್ಲು, ಇದು ಕಾಳು ಅಂತ ಕೈ ತಾನಾಗಿ ಹೋಗುತ್ತದೆ.

"ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು?" ಪರೀಕ್ಷೆಗೆ ಓದುವ ಮಕ್ಕಳು ಇರಬೇಕು. ಕೆ.ಸಿ. ರೆಡ್ಡಿ, 1947, ಆಗಿನ್ನೂ ಮೈಸೂರು. ಯಾವ ಪುಸ್ತಕ ತೆಗೆದರೂ ಸಿಗುತ್ತದೆ, ಅದಕ್ಕೆ ನಾನು ಯಾಕೆ? "ಜೀವನದಲ್ಲಿ ಯಶಸ್ಸು ಪಡೆಯುವುದು ಹೇಗೆ?" ಪಡೆದವರನ್ನು ಕೇಳಿ. "ಎಡಗಣ್ಣು ಅದುರಿದರೆ ಏನರ್ಥ?" ನಿದ್ದೆ ಸಾಲದು ಎಂದರ್ಥ, ಫೋನ್ ಇಟ್ಟು ಮಲಗಿ. ಇವೆಲ್ಲ ಕಲ್ಲು.

"ಅತ್ತೆಯ ಜೊತೆ ಹೊಂದಿಕೊಳ್ಳುವುದು ಹೇಗೆ?" ಇದು ಮತ್ತೆ ಬಂದಿದೆ. ಹೋದ ವರ್ಷ ಇದಕ್ಕೊಂದು ಉತ್ತರ ಬರೆದಿದ್ದೆ, ನಿಮಗೆ ನೆನಪಿರಬಹುದು. 900 ಚಿಲ್ಲರೆ ಜನ ಮೆಚ್ಚಿದ್ದರು. ನನ್ನ ಬೇರೆಲ್ಲ ಉತ್ತರಗಳನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. ಆಮೇಲೆ ಯಾರೋ ಪುಣ್ಯಾತ್ಮರು ಅದನ್ನು ಅತ್ತೆಗೇ ಓದಿ ಹೇಳಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿ ಬರ್ದಿದೀಯ ಕಣೆ. ಇದು ಯಾರ ಮನೆ ಕತೆ?" ಅಂದರು. ಅವತ್ತಿನಿಂದ ಆ ವಿಷಯ ಮುಟ್ಟಿಲ್ಲ.

ಕಾಳು ಒಂದಿತ್ತು ಇವತ್ತು. ಕೊಪ್ಪದ ಕಡೆಯ ಒಬ್ಬರು ಕೇಳಿದ್ದು: ಎರಡು ಸಲ ಬೋರ್ಡೋ ದ್ರಾವಣ ಹೊಡೆಸಿದರೂ ಅಡಿಕೆ ತೋಟದಲ್ಲಿ ಕೊಳೆರೋಗ ನಿಲ್ಲುತ್ತಿಲ್ಲ, ಯಾಕೆ? ಇಂಥ ಪ್ರಶ್ನೆ ಕಂಡರೆ ನನಗೆ ಹಸಿವೆ. ಯಾಕೆಂದರೆ ಅವರು ಎಲ್ಲ ಬರೆದಿದ್ದಾರೆ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಲೆಕ್ಕ ಸರಿ. ಪ್ಲಾಸ್ಟಿಕ್ ಡ್ರಮ್ಮು, ಅದೂ ಸರಿ. ಆರನೇ ಸಾಲಿಗೆ ಬಂದಾಗ ಸಿಕ್ಕಿತು. "ಬೆಳಿಗ್ಗೆ ಬೇಗ ಶುರು ಮಾಡಲಿ ಎಂದು ಹಿಂದಿನ ದಿನ ಸಂಜೆಯೇ ಕಲಸಿಟ್ಟಿದ್ದೆವು." ಅಯ್ಯೋ ದೇವರೇ. ಬೋರ್ಡೋ ಕಲಸಿದ ದಿನವೇ ಮುಗಿಯಬೇಕು. ಬೇಕಿದ್ದರೆ ಮೈಲುತುತ್ತದ ನೀರು, ಸುಣ್ಣದ ನೀರು ಬೇರೆ ಬೇರೆ ಇಟ್ಟುಕೊಳ್ಳಿ. ಬೆರೆಸಿ ರಾತ್ರಿಯಿಡೀ ಬಿಟ್ಟರೆ ಅಡಿಗೆ ಇಳಿದು ಕೂರುತ್ತದೆ, ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಅಂಟುವುದಿಲ್ಲ.

ಅದನ್ನೇ ಬರೆದೆ. ಕತ್ತಿಯ ಪರೀಕ್ಷೆಯನ್ನೂ ಸೇರಿಸಿದೆ. ಚೆನ್ನಾಗಿ ತಿಕ್ಕಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು. ಬೆಳ್ಳಗೇ ಇದ್ದರೆ ಹೊಡೆಯಬಹುದು. ನಮ್ಮ ಮಾವ ಇದಕ್ಕೆಂದೇ ಒಂದು ಹಳೇ ಕತ್ತಿ ಕೊಟ್ಟಿಗೆ ಮಾಡಿನಲ್ಲಿ ಸಿಕ್ಕಿಸಿಟ್ಟಿದ್ದರು. ಅದು ಈಗಲೂ ಅಲ್ಲೇ ಇದೆ.

ಬರೆಯುತ್ತಾ ಕೋಲ್ಮನ್ ಸಾಹೇಬರ ಕತೆಯೂ ಬಂತು. ಲೆಸ್ಲಿ ಕೋಲ್ಮನ್, ಕೆನಡಾದವರು. 1908ರಲ್ಲಿ ಮೈಸೂರಿಗೆ ಬಂದು ಮೊದಲು ಕೈಹಾಕಿದ ಕೆಲಸಗಳಲ್ಲಿ ನಮ್ಮ ಕೊಳೆರೋಗವೂ ಒಂದು. ಅದಕ್ಕೆ ಮೊದಲು ಮಳೆ ತಾಗದ ಹಾಗೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟಿ ದೇವರ ಮೇಲೆ ಭಾರ ಹಾಕುವುದೇ ಔಷಧಿ. ಆ ದ್ರಾವಣ ಹುಟ್ಟಿದ್ದಾದರೂ ಎಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ದಾರಿಯಲ್ಲಿ ಹೋಗುವವರು ಹಣ್ಣು ಕೀಳದಿರಲಿ ಎಂದು ಬದಿಯ ಬಳ್ಳಿಗಳಿಗೆ ಬಳಿದಿದ್ದಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲ. ಕಳ್ಳರಿಗೆ ಹೆದರಿ ಮಾಡಿದ್ದು ನಮ್ಮ ತೋಟ ಉಳಿಸುತ್ತಿದೆ. ಈ ಉತ್ತರಕ್ಕೆ ಹನ್ನೊಂದು ಜನ ಮೆಚ್ಚಿದರೆ ಹೆಚ್ಚು. ಸಾಕು. ಆ ಕೊಪ್ಪದವರು ಓದಲಿ.

ಇಷ್ಟು ಬರೆದು ಮಲಗಬೇಕಿತ್ತು.

ಇನ್ನೊಂದು ಪ್ರಶ್ನೆ ಇದೆ. ಮೂರು ತಿಂಗಳಿಂದ ಇದೆ. ಬೇರೆ ಬೇರೆ ಜನ, ಬೇರೆ ಬೇರೆ ಮಾತಲ್ಲಿ ಕೇಳುತ್ತಾರೆ. "ಅಡಿಕೆ ತಿಂದರೆ ಕ್ಯಾನ್ಸರ್ ಬರುತ್ತದೆಯೇ?" ಪ್ರತಿ ಸಲ ಬೆರಳಲ್ಲಿ ಪಕ್ಕಕ್ಕೆ ಸರಿಸುತ್ತೇನೆ. ಜಗಳ ಮಾಡಲು ಕೇಳುತ್ತಾರೆ, ಇದಕ್ಕೆ ಡಾಕ್ಟರು ಬರೆಯಲಿ, ನಾನು ಬರೀ ತೋಟದವಳು. ಹೀಗೆ ಕಾರಣಕ್ಕೇನೂ ಬರ ಇಲ್ಲ. ಎಡಗಣ್ಣಿನ ಪ್ರಶ್ನೆಯ ಪಕ್ಕದಲ್ಲೇ ಇದನ್ನೂ ಎಸೆಯುತ್ತಿದ್ದೆ.

ಇವತ್ತು ಬೆಳಿಗ್ಗೆ ಮಳೆ ಬಿಟ್ಟು ಸ್ವಲ್ಪ ಹೊಳವಾಗಿತ್ತು. ಎರಡನೇ ಔಷಧಿಗೆ ಆಗಲೇ ತಡ ಎಂದು ಇವರು ಕೊನೆಗಾರನಿಗೆ ಫೋನ್ ಮಾಡಿದರು. ಕೊನೆಗಾರ ಎಂದರೆ ಮರ ಹತ್ತಿ ಕೊನೆಗೆ ಔಷಧಿ ಹೊಡೆಯುವವನು. ಈಗೆಲ್ಲ ಕಾರ್ಬನ್ ದೋಟಿ, ಅಂದರೆ ಉದ್ದ ಕೋಲು, ಮರ ಹತ್ತುವುದಿಲ್ಲ, ಆದರೂ ನಮಗವನು ಕೊನೆಗಾರನೇ. ಜೊತೆಗೆ ಆ ಹುಡುಗನೂ ಬಂದಿದ್ದ, ಪೈಪು ಹಿಡಿಯುವವನು. ಇಪ್ಪತ್ತನಾಲ್ಕು ಇರಬೇಕು. ಅರ್ಧ ತೋಟ ಆಗುವಷ್ಟರಲ್ಲಿ ಮಳೆ ಹಿಡಿಯಿತು. ಎಲ್ಲರೂ ಜಗಲಿಗೆ ಬಂದರು. ಕಡುಬು ಬಿಸಿ ಇತ್ತು, ಸೂಜಿಮೆಣಸಿನ ಚಟ್ನಿ ಜೊತೆ ಕೊಟ್ಟೆ.

ಹುಡುಗ ಕಡುಬನ್ನು ಅಡಿಕೆ ಹೋಳಿನಷ್ಟು ಸಣ್ಣ ಸಣ್ಣ ಚೂರು ಮಾಡುತ್ತಿದ್ದ. ಒಂದೊಂದೇ ಚೂರನ್ನು ತುಟಿಯ ನಡುವೆ ತೂರಿಸುತ್ತಿದ್ದ. ಚಟ್ನಿ ಮುಟ್ಟಲಿಲ್ಲ. ಬೆರಳಿಗೆ ಹತ್ತಿದ್ದನ್ನೂ ಎಲೆಯ ಅಂಚಿಗೆ ಒರೆಸಿದ.

"ಚಟ್ನಿ ಯಾಕೋ ಬಿಟ್ಟೆ?"

"ಖಾರ ಆಗಲ್ಲ ಅಕ್ಕ. ಉರೀತದೆ."

ಕೊನೆಗಾರ ನಕ್ಕ. "ಅವ್ನಿಗೆ ಬಾಯೇ ಬಿಡಕ್ಕಾಗಲ್ಲ ಅಮ್ಮ. ಬೈದ್ರೂ ತಿರುಗಿ ಮಾತಾಡಲ್ಲ. ಅದ್ಕೇ ಇಟ್ಕೊಂಡಿದೀನಿ." ಇವರೂ ನಕ್ಕರು. ಹುಡುಗನೂ ನಕ್ಕ, ಹಲ್ಲು ಕಾಣದ ಹಾಗೆ.

ನನಗೆ ನಗು ಬರಲಿಲ್ಲ. ದೊಡ್ಡವಳು ಡೆಂಟಲ್ ಮೂರನೇ ವರ್ಷದಲ್ಲಿದ್ದಾಗ ಫೋನಿನಲ್ಲಿ ಒಂದೇ ಸಮ ಇದನ್ನೇ ಹೇಳುತ್ತಿದ್ದಳು. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಇಡಬೇಕು ಅಮ್ಮ, ಹಿಡಿದರೆ ಸರಿ. ಕೆನ್ನೆಯ ಒಳಗಿನ ಚರ್ಮ ಹಗ್ಗದ ಹಾಗೆ ಬಿಗಿದುಕೊಂಡರೆ ಬಾಯಿ ತೆರೆಯುವುದಿಲ್ಲ. ಖಾರ ತಿಂದರೆ ಉರಿ ಬರುವುದೇ ಮೊದಲ ಸೂಚನೆ. ಅದೇ ಮುಂದೆ ಕ್ಯಾನ್ಸರಿಗೆ ತಿರುಗಬಹುದು.

"ಮೂರು ಬೆರಳು ಇಟ್ಟು ನೋಡು," ಎಂದೆ. ಅವನು ನಾಚಿಕೊಂಡ. ಮತ್ತೆ ಇಟ್ಟ. ಎರಡು ಹೋಯಿತು. ಎರಡನೆಯದೂ ಒತ್ತಿ.

"ಗುಟ್ಕಾ ಬಿಡಬೇಕು ಮಾರಾಯ."

"ಬಿಟ್ಟು ಎರಡು ವರ್ಷ ಆಯ್ತು ಅಕ್ಕ. ತಂಬಾಕೂ ಇಲ್ಲ, ಎಂತದೂ ಇಲ್ಲ." ಚಡ್ಡಿ ಜೇಬಿಗೆ ಕೈ ಹಾಕಿ ಒಂದು ಸಣ್ಣ ಪ್ಲಾಸ್ಟಿಕ್ ಕೊಟ್ಟೆ ತೆಗೆದ. "ಈಗ ಬರೀ ಅಡಿಕೆ. ನಿಮ್ಮನೇದೇ."

ಹೌದು, ನಮ್ಮದೇ. ಅಡಿಕೆ ಬೇಯಿಸಿದ ಚೊಗರು ಹಾಕಿ ಕೆಂಪಗೆ ಮಿರಮಿರ ಮಿಂಚುವ ಹಾಗೆ ಒಣಗಿಸಿದ್ದು. ಹೋದ ಸುಗ್ಗಿಯಲ್ಲಿ ನಾನೇ ತಟ್ಟಿಯ ಮೇಲೆ ಹರವಿ, ಬೆಟ್ಟೆ ಬೇರೆ, ರಾಶಿ ಬೇರೆ ಎಂದು ದರ್ಜೆ ಮಾಡಿದ್ದೆ. ಕೂಲಿಯ ಜೊತೆ ಒಂದು ಮುಷ್ಟಿ ಕೇಳಿದರೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ. ಮಗಳ ಫೀಸು ಕಟ್ಟಿದ್ದೂ ಇದೇ ರಾಶಿಯಲ್ಲಿ.

ಆಮೇಲೆ ಚಹಾ ಕುಡಿದರು. ಮಳೆ ಬಿಡಲಿಲ್ಲ. ಹೋದರು.

ಅದಕ್ಕೇ ಈಗ ಆ ಪ್ರಶ್ನೆ ಮತ್ತೆ ತೆರೆದು ಕೂತಿದ್ದೇನೆ. ಉತ್ತರ ನನಗೆ ಗೊತ್ತಿಲ್ಲ ಅಂತಲ್ಲ. ಗೊತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯೋನ್‌ನಲ್ಲಿದೆ. ತಂಬಾಕು ಸೇರದ ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಅದು 2004ರಲ್ಲೇ ಪ್ರಕಟಿಸಿದೆ. ಮೊದಲನೇ ಗುಂಪು, ಅಂದರೆ ಅನುಮಾನದ ಪಟ್ಟಿಯಲ್ಲಲ್ಲ, ಖಚಿತದ ಪಟ್ಟಿಯಲ್ಲಿ. ನಮ್ಮ ಕಡೆ ಸಭೆಗಳಲ್ಲಿ ಹೇಳುವುದು ಬೇರೆ. ಎಲ್ಲ ಗುಟ್ಕಾದವರು ಮಾಡಿದ್ದು, ತಂಬಾಕು ಸೇರಿ ಅಡಿಕೆಗೆ ಕೆಟ್ಟ ಹೆಸರು ಬಂತು ಎನ್ನುತ್ತಾರೆ. ನಾನೂ ತಲೆ ಆಡಿಸಿದ್ದೇನೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆದಾಗ ಬೆಲೆ ಬೀಳುತ್ತದೆಂದು ಹೆದರಿದ್ದೆವು. ಪಾನ್ ಮಸಾಲದ ಪ್ಯಾಕೆಟ್ ಒಂದು, ತಂಬಾಕಿನದು ಇನ್ನೊಂದು ಎಂದು ಅಂಗಡಿಯಲ್ಲಿ ಜೋಡಿ ತೂಗಿದಾಗ ಉಸಿರು ಬಿಟ್ಟೆವು. ಸುಳ್ಳು ಯಾಕೆ ಹೇಳಲಿ.

ಅತ್ತೆಗೆ 81. ಎಲೆ ಅಡಿಕೆ ಇಲ್ಲದೆ ಊಟ ಮುಗಿಯುವುದಿಲ್ಲ. ಏನೂ ಆಗಿಲ್ಲ. ಅದನ್ನೂ ಬರೆಯಬೇಕಾ? ಬರೆದರೆ ಓದುವವರು ಅದೊಂದನ್ನೇ ಹಿಡಿದುಕೊಳ್ಳುತ್ತಾರೆ. ಬರೆಯದಿದ್ದರೆ ಮುಚ್ಚಿಟ್ಟ ಹಾಗೆ. ಈ ಸಲ ಕೇಳಿದವರು ಜಗಳಕ್ಕೂ ಕೇಳಿಲ್ಲ. ಕೆಳಗೆ ಎರಡು ಸಾಲು ಸೇರಿಸಿದ್ದಾರೆ: "ಅಪ್ಪ 30 ವರ್ಷದಿಂದ ತಂಬಾಕಿಲ್ಲದೆ ಹಾಕುತ್ತಾರೆ. ನಾನು ಹೇಳಿದರೆ ಕೇಳುವುದಿಲ್ಲ, ಬೆಳೆಗಾರರೇ ಯಾರಾದರೂ ಹೇಳಿದರೆ ಕೇಳಬಹುದು."

ಬೆಳೆಗಾರರೇ. ನನ್ನ ಪ್ರತಿ ಉತ್ತರದ ತಲೆಯ ಮೇಲೆ ಒಂದು ಸಾಲು ಬರುತ್ತದಲ್ಲ, ನಾನೇ ಹಾಕಿಕೊಂಡದ್ದು: "ಅಡಿಕೆ ತೋಟ, ತೀರ್ಥಹಳ್ಳಿ ತಾಲ್ಲೂಕು." ಕೊಳೆರೋಗದ ಉತ್ತರಕ್ಕೆ ಅದರಿಂದ ತೂಕ. ಈ ಉತ್ತರದ ಮೇಲೆ ಅದನ್ನು ತೆಗೆದು ಬರೀ "ಗೃಹಿಣಿ" ಎಂದು ಹಾಕಿ ನೋಡಿದೆ. ಮತ್ತೆ ಹಳೆಯದನ್ನೇ ಹಾಕಿದೆ. ನಾಲ್ಕು ಸಾಲು ಬರೆದಿದ್ದೇನೆ, ಇನ್ನೂ ಕಳಿಸಿಲ್ಲ. ಇವರು ಆಗಲೇ ಒಂದು ಸಲ ಎದ್ದು ಬಂದು, "ಇನ್ನೂ ಎಂತ ಬರೀತಿದೀಯ, ಮಲಗು" ಅಂದು ಹೋದರು. ಪರದೆ ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ.

ಹುಡುಗನಿಗೆ ದೊಡ್ಡವಳ ನಂಬರ್ ಕೊಡಬೇಕಿತ್ತು. ಅದೂ ಆಗ ಹೊಳೆಯಲಿಲ್ಲ. ಹೊರಗೆ ಮಳೆ ಸ್ವಲ್ಪ ಸಣ್ಣಗಾದ ಹಾಗಿದೆ. ನಾಳೆ ಹೊಳವಾದರೆ ಉಳಿದರ್ಧ ಮುಗಿಸಲು ಬರುತ್ತಾರೆ. ತಿಂಡಿಗೆ ಎಂತ ಮಾಡುವುದು, ಮೆತ್ತಗಿನದು ಏನಾದರೂ, ಖಾರ ಇಲ್ಲದ್ದು, ಅಥವಾ ಬೆಲ್ಲದ್ದು